ಸಾಲದ ಮಾತಿಗೆ ಸರ್ವಜ್ಞ ನೆನಪಾಗ್ತಾನೆ, ಅವನನ್ನು ಹುಡುಕಿಕೊಟ್ಟ ಪಾದ್ರಿ ನೆನಪಾಗೋದಿಲ್ಲ

ದಾವಣಗೆರೆ: ಚೌಕಿಪೇಟೆಯ ಕಿರಾಣಿ ಅಂಗಡಿಯಾಗಲಿ, ಹರಿಹರದ ಬಟ್ಟೆ ಅಂಗಡಿಯಾಗಲಿ, ಉದ್ರಿ ಕೇಳೋರು ಬಂದು ನಿಂತ್ರೆ ಮಾಲೀಕರ ಬಾಯಿಗೆ ಮೊದಲು ಬರೋದು ಸರ್ವಜ್ಞ. ತಗೊಳ್ಳುವಾಗಿನ ಖುಷಿ, ತೀರಿಸುವಾಗಿನ ಸಂಕಟ, ಎರಡನ್ನೂ ಮೂರೇ ಸಾಲಲ್ಲಿ ಹೇಳಿ ಮುಗಿಸಿದ ಕವಿ ಅವನು. ಆದರೆ ಊರೂರಲ್ಲಿ ಚದುರಿ ಹೋಗಿದ್ದ ಆ ತ್ರಿಪದಿಗಳನ್ನು ಹೆಕ್ಕಿ ತಂದು ಒಂದು ಪುಸ್ತಕ ಮಾಡಿದವರು ಒಬ್ಬ ಕ್ರೈಸ್ತ ಪಾದ್ರಿ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅವರ ಹೆಸರು ರೆವರೆಂಡ್ ಉತ್ತಂಗಿ ಚನ್ನಪ್ಪ.

ಹೆಸರು ಕೇಳಿದ್ರೆ ಪಾದ್ರಿ ಅಂತ ಯಾರೂ ಅನ್ನೋದಿಲ್ಲ. ಉತ್ತಂಗಿ ಇರೋದು ಹೂವಿನಹಡಗಲಿ ತಾಲೂಕಲ್ಲಿ. ಹರಿಹರದ ಸೇತುವೆ ಕೆಳಗೆ ಹರಿದು ಹೋಗೋ ತುಂಗಭದ್ರೆ ನೀರು ಮುಂದೆ ಅದೇ ಹಡಗಲಿ ತಾಲೂಕಿನ ಅಂಚು ಮುಟ್ಟಿ ಹೋಗುತ್ತೆ. ಮನೆತನ ಮೂಲದಲ್ಲಿ ಲಿಂಗಾಯತರದ್ದು, ಹಿರಿಯರ ಕಾಲದಲ್ಲೇ ಕ್ರೈಸ್ತ ಧರ್ಮಕ್ಕೆ ಬಂದದ್ದು. ತಂದೆ ಹೆಸರು ದಾನಿಯೇಲಪ್ಪ, ತಾಯಿ ಸುಭಕ್ತವ್ವ. ಬೈಬಲ್ಲಿನ ದಾನಿಯೇಲನಿಗೆ ಕನ್ನಡದ ಒಂದು ಅಪ್ಪ ಸೇರಿಸಿದ ಮನೆ ಅದು. ಮಗನಿಗಂತೂ ಚನ್ನಪ್ಪ ಅಂತಲೇ ಇಟ್ಟರು. ದೇವರು ಬದಲಾದರೂ ಮನೆಮಾತು, ಊರ ಹೆಸರು, ಕರೆಯೋ ಹೆಸರು ಯಾವುದೂ ಬದಲಾಗಲಿಲ್ಲ. ಮುಂದೆ ಈ ಮನುಷ್ಯ ಮಾಡಿದ್ದಕ್ಕೆಲ್ಲ ಬೀಜ ಇಲ್ಲೇ ಬಿದ್ದಿತ್ತು ಅನ್ನಬಹುದು.

ಹುಟ್ಟಿದ್ದು ಧಾರವಾಡದಲ್ಲಿ, 1881ರ ಅಕ್ಟೋಬರ್ 28ರಂದು. ಓದಿದ್ದು ಬಾಸೆಲ್ ಮಿಶನ್ ಶಾಲೆಯಲ್ಲಿ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಈ ಮಿಶನ್ನು ಪ್ರಾರ್ಥನಾ ಮಂದಿರದ ಜೊತೆಗೆ ಅಚ್ಚುಕೂಟ, ಹೆಂಚಿನ ಕಾರ್ಖಾನೆ, ನೇಯ್ಗೆ ಎಲ್ಲವನ್ನೂ ಕಟ್ಟಿತು. 1894ರಲ್ಲಿ ಕನ್ನಡಕ್ಕೆ ದೊಡ್ಡ ನಿಘಂಟು ಕೊಟ್ಟ ಕಿಟ್ಟೆಲ್ ಕೂಡ ಇದೇ ಮಿಶನ್ನಿನವರು. ಚನ್ನಪ್ಪ ಮಂಗಳೂರಲ್ಲಿ ದೇವಜ್ಞಾನ ಓದಿ, ಉತ್ತರ ಕರ್ನಾಟಕದ ಊರುಗಳಲ್ಲಿ ಸಭಾಪಾಲಕರಾದರು. ಭಾನುವಾರ ಪ್ರಸಂಗ, ಮದುವೆ, ಮಣ್ಣು, ಹಳ್ಳಿ ಸುತ್ತಾಟ. ಪಾದ್ರಿ ಕೆಲಸ ಅಂದ್ರೆ ಇಷ್ಟೇ, ಇಷ್ಟರಲ್ಲೇ ಆಯುಷ್ಯ ಮುಗಿದು ಹೋಗುತ್ತೆ.

ಇವರಿಗೆ ಮುಗಿಯಲಿಲ್ಲ. ಸರ್ವಜ್ಞ ಹಿಡಿದುಕೊಂಡ.

ಆಗ ಸರ್ವಜ್ಞನ ಪದ ಅಂದ್ರೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ. ಓಲೆಗರಿಯಲ್ಲಿ ಸ್ವಲ್ಪ, ಮುದುಕರ ನೆನಪಲ್ಲಿ ಸ್ವಲ್ಪ. ಯಾರೋ ಕಟ್ಟಿದ ಪದಕ್ಕೂ ಕೊನೆಗೆ ಸರ್ವಜ್ಞ ಅಂತ ಸೇರಿಸಿಬಿಟ್ರೆ ಅದೂ ಅವನದ್ದೇ ಆಗಿಬಿಡೋದು. ಚನ್ನಪ್ಪ ಸಿಕ್ಕಿದ್ದನ್ನೆಲ್ಲ ಕೂಡಿಹಾಕಿ, ಒಂದಕ್ಕೊಂದು ತಾಳೆ ನೋಡಿ, ವಿಷಯದ ಪ್ರಕಾರ ವಿಂಗಡಿಸಿ, ಸುಮಾರು ಎರಡು ಸಾವಿರ ತ್ರಿಪದಿಗಳನ್ನು 1924ರಲ್ಲಿ ಅಚ್ಚು ಹಾಕಿಸಿದರು. ದಾವಣಗೆರೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಆಗಿದ್ದು 1922ರಲ್ಲಿ. ಅದಾಗಿ ಎರಡೇ ವರ್ಷಕ್ಕೆ ಸರ್ವಜ್ಞ ಪೂರಾ ಕೈಗೆ ಸಿಗುವಂತಾದ. ಫೋನಿಲ್ಲ, ಜೆರಾಕ್ಸ್ ಇಲ್ಲದ ಕಾಲ ಅನ್ನೋದು ನೆನಪಿರಲಿ.

ಪಾದ್ರಿಗೆ ಸರ್ವಜ್ಞ ಯಾಕೆ ಬೇಕಿತ್ತು? ಸರ್ವಜ್ಞನಿಗೆ ಜಾತಿ ಇಲ್ಲ, ಮಠ ಇಲ್ಲ, ಮನೆಯೂ ಇಲ್ಲ. ಡಂಭದ ಪೂಜೆ ಕಂಡ್ರೆ ಆಗೋದಿಲ್ಲ. ಜಗತ್ತಿಗೆಲ್ಲ ಒಬ್ಬನೇ ದೇವರು ಅನ್ನೋದರಲ್ಲಿ ಅವನಿಗೆ ಅನುಮಾನವಿಲ್ಲ. ಹಳ್ಳಿ ಕಟ್ಟೆ ಮೇಲೆ ಯೇಸುವಿನ ಮಾತು ಹೇಳೋಕೆ ಹೋದವನಿಗೆ ಅಲ್ಲಿ ತನಗಿಂತ ಮುಂಚೆಯೇ ಒಬ್ಬ ಬಂದು ಕೂತಿದ್ದಾನೆ ಅನ್ನಿಸಿರಬೇಕು. ಬಂದವನನ್ನು ಎದ್ದೇಳಿಸೋ ಬದಲು ಚನ್ನಪ್ಪ ಪಕ್ಕದಲ್ಲೇ ಕೂತರು.

ಇದು ಸುಲಭದ ಕೆಲಸ ಆಗಿರಲಿಲ್ಲ. ತನ್ನ ಸಭೆಯವರಿಗೆ ಇವನು ಪೂರ್ತಿ ನಮ್ಮವನೇ ಹೌದಾ ಅನ್ನೋ ಪ್ರಶ್ನೆ ಬರಬಹುದು. ಆ ಕಡೆಯವರಿಗೆ ಇದು ಮತಕ್ಕೆ ಸೆಳೆಯೋ ಹೊಸ ಉಪಾಯ ಅನ್ನಿಸಬಹುದು. ಎರಡು ಮನೆ ನೆಂಟನಿಗೆ ಎರಡು ಕಡೆಯೂ ಊಟ ಸಿಗದೆ ಹೋಗೋದು ಹೊಸದಲ್ಲ. ಬೆತ್ಲೆಹೇಮು ಬನಾರಸಕ್ಕೆ ವಿನಂತಿ ಮಾಡಿಕೊಳ್ಳೋ ಅರ್ಥದ ಹೆಸರಿಟ್ಟು ಇವರೊಂದು ಪುಸ್ತಕ ಬರೆದರು. ವಿನಂತಿ ಅನ್ನೋ ಮಾತನ್ನು ಗಮನಿಸಬೇಕು. ಯೇಸು ಹುಟ್ಟಿದ ಊರು ಕಾಶಿಗೆ ಆಜ್ಞೆ ಮಾಡ್ತಿಲ್ಲ, ಕೈಮುಗಿದು ಕೇಳ್ತಾ ಇದೆ. ಕ್ರಿಸ್ತನನ್ನು ಬಿಡೋ ಮಾತೇ ಚನ್ನಪ್ಪನವರಲ್ಲಿ ಇರಲಿಲ್ಲ. ಆದರೆ ಕ್ರಿಸ್ತನನ್ನು ಹಿಡಿಯೋಕೆ ತಮ್ಮ ಅಜ್ಜಂದಿರ ಮಾತನ್ನು ಬಿಡಬೇಕು ಅಂತಲೂ ಅವರು ಒಪ್ಪಲಿಲ್ಲ.

ಸರ್ವಜ್ಞನಿಂದ ಅವರು ಹೋಗಿದ್ದು ಹನ್ನೆರಡನೇ ಶತಮಾನದ ಶರಣರ ಕಡೆಗೆ. ಸೊನ್ನಲಿಗೆಯ ಸಿದ್ಧರಾಮ, ಮೋಳಿಗೆ ಮಾರಯ್ಯ, ಆದಯ್ಯ ಇವರ ಸಾಹಿತ್ಯವನ್ನೆಲ್ಲ ಕೂತು ಸಂಪಾದಿಸಿದರು. ಅಷ್ಟರಲ್ಲಿ ವಿದ್ವಾಂಸರ ನಡುವೆ ಒಂದು ಜಗಳ ಎದ್ದಿತ್ತು. ಕಲ್ಯಾಣದಲ್ಲಿ ಅನುಭವ ಮಂಟಪ ಅನ್ನೋದು ನಿಜಕ್ಕೂ ಇತ್ತಾ, ಇಲ್ಲ ನಂತರದವರು ಕಟ್ಟಿದ ಕಥೆಯಾ? ಮಂಟಪದ ಚಿತ್ರ ತುಂಬಿಕೊಂಡು ಬರೋದು ಶೂನ್ಯಸಂಪಾದನೆಯಲ್ಲಿ, ಅದು ಬಂದದ್ದು ಶರಣರಾಗಿ ಸುಮಾರು ಮುನ್ನೂರು ವರ್ಷದ ಮೇಲೆ. ಹಾಗಾಗಿ ಅನುಮಾನಕ್ಕೆ ಜಾಗ ಇತ್ತು. ಆಗ ವಚನಗಳ ಒಳಗಿಂದಲೇ ಸಾಕ್ಷಿ ಹುಡುಕಿ, ಇತ್ತು ಅಂತ ವಾದ ಹೂಡಿ 'ಅನುಭವ ಮಂಟಪದ ಐತಿಹಾಸಿಕತೆ' ಅನ್ನೋ ಪುಸ್ತಕ ಬರೆದವರು ಇದೇ ಪಾದ್ರಿ. ದಾವಣಗೆರೆಯಲ್ಲಿ ಅನುಭವ ಮಂಟಪ ಅಂತ ಶಾಲೆಯೇ ಇದೆ. ಆ ಹೆಸರಿನ ಪರವಾಗಿ ಪಟ್ಟು ಹಿಡಿದು ನಿಂತವರಲ್ಲಿ ಬೈಬಲ್ ಹಿಡಿದವರೊಬ್ಬರಿದ್ದರು.

ಕನ್ನಡದವರು ಅವರನ್ನು ಪೂರ್ತಿ ಮರೆತರು ಅನ್ನೋಕಾಗಲ್ಲ. 1949ರ ಗುಲಬರ್ಗಾ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ನಿಜಾಮನ ಆಳ್ವಿಕೆ ಮುಗಿದಿದ್ದು ಹಿಂದಿನ ವರ್ಷದ ಸೆಪ್ಟೆಂಬರಲ್ಲಿ. ಕಲ್ಯಾಣದ ಸೀಮೆಗೆ ಹತ್ತಿರದ ಆ ನೆಲದಲ್ಲಿ ಆ ಹೊತ್ತಿಗೆ ವೇದಿಕೆ ಹತ್ತಿದ್ದು ಕ್ರೈಸ್ತ ಸಭಾಪಾಲಕ. ತಿರುಳ್ಗನ್ನಡದ ತಿರುಕ ಅಂತ ಅವರಿಗೆ ಹೆಸರಿತ್ತು. ತಿರುಕ ಅಂದ್ರೆ ಬೇಡೋನು. ಪದ ಬೇಡಿಕೊಂಡು ಊರೂರು ಅಲೆದವರಿಗೆ ಸರಿಯಾಗೇ ಕೂತಿದೆ.

ಹರಿಹರದವರಿಗೆ ಈ ಮನುಷ್ಯನನ್ನು ಅರ್ಥ ಮಾಡಿಕೊಳ್ಳೋದು ಕಷ್ಟವಾಗಬಾರದು. ಊರ ನಡುವಿನ ಹೊಯ್ಸಳರ ಗುಡಿಯಲ್ಲಿ ಒಂದೇ ಮೂರ್ತಿಯ ಅರ್ಧ ಹರಿ, ಅರ್ಧ ಹರ. ಸೆಪ್ಟೆಂಬರ್ 8ರ ಆರೋಗ್ಯ ಮಾತೆಯ ಹಬ್ಬಕ್ಕೆ ಕುಂಕುಮ ಇಟ್ಟ ಹೆಂಗಸರೂ ಮೇಣದಬತ್ತಿ ಹಿಡಿದು ಸಾಲಲ್ಲಿ ನಿಲ್ತಾರೆ. ಅದು ಕ್ಯಾಥೊಲಿಕ್ ಚರ್ಚು, ಚನ್ನಪ್ಪನವರದ್ದು ಪ್ರೊಟೆಸ್ಟೆಂಟ್ ದಾರಿ, ಆ ಮಾತು ಬೇರೆ.

1962ರ ಆಗಸ್ಟ್ 28ರಂದು ಅವರು ತೀರಿಕೊಂಡರು, ಎಂಬತ್ತು ವರ್ಷ ಆಗಿತ್ತು. ಅಂಗಡಿಯವರು ಹೊಸ ವರ್ಷಕ್ಕೆ ಹಂಚೋ ಕ್ಯಾಲೆಂಡರುಗಳಲ್ಲಿ ತ್ರಿಪದಿ ಇದ್ದರೆ ಕೆಳಗೆ ಸರ್ವಜ್ಞ ಅಂತ ಇರುತ್ತೆ, ಅದರ ಕೆಳಗೆ ಅಂಗಡಿ ಹೆಸರು, ಫೋನ್ ನಂಬರು.