ಮುಟ್ಟದೆ ನುಡಿಯುವ ವಾದ್ಯ

ವೀಣೆಯನ್ನು ಮೀಟಬೇಕು, ಕೊಳಲನ್ನು ಊದಬೇಕು, ಮೃದಂಗವನ್ನು ಬಾರಿಸಬೇಕು. ಆಗಲೇ ಅವು ನಾದವನ್ನು ಹೊಮ್ಮಿಸುತ್ತವೆ. ಆದರೆ ಬರಿಯ ಗಾಳಿಯಲ್ಲಿ ಕೈಯಾಡಿಸಿದರೆ ಹಾಡುವ ವಾದ್ಯವೂ ಒಂದುಂಟು. ಅದನ್ನು ನಿರ್ಮಿಸಿದವರು ರಷ್ಯದ ವಿಜ್ಞಾನಿ ಲಿಯೋನ್ ಥೆರೆಮಿನ್.

ಥೆರೆಮಿನ್ ೧೮೯೬ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಜನಿಸಿದರು. ವಿಜ್ಞಾನದಲ್ಲಿ ಎಷ್ಟು ಆಸಕ್ತಿಯೋ ಸಂಗೀತದಲ್ಲಿಯೂ ಅವರಿಗೆ ಅಷ್ಟೇ ಒಲವು. ಪಿಟೀಲಿನ ಜಾತಿಗೆ ಸೇರಿದ ಚೆಲ್ಲೋ ಎಂಬ ದೊಡ್ಡ ವಾದ್ಯವನ್ನು ಅವರು ಕ್ರಮವಾಗಿ ಅಭ್ಯಾಸ ಮಾಡಿದ್ದರು. ೧೯೨೦ರಲ್ಲಿ, ಆಗ ಪೆಟ್ರೊಗ್ರಾಡ್ ಎನಿಸಿಕೊಂಡಿದ್ದ ಅದೇ ನಗರದ ಸಂಶೋಧನಾಲಯದಲ್ಲಿ, ಅನಿಲಗಳ ಗುಣವನ್ನು ಅಳೆಯುವ ಉಪಕರಣವೊಂದನ್ನು ಅವರು ಸಿದ್ಧಪಡಿಸುತ್ತಿದ್ದರು. ಕೈಯನ್ನು ಹತ್ತಿರ ಒಯ್ದಂತೆ ಅದರ ದನಿ ಏರುತ್ತಿತ್ತು. ದೂರ ಸರಿಸಿದಂತೆ ಇಳಿಯುತ್ತಿತ್ತು. ಬೇರೊಬ್ಬರು ಇದನ್ನು ಉಪಕರಣದ ದೋಷವೆಂದು ಬಗೆಯಬಹುದಿತ್ತು. ಸಂಗೀತ ಬಲ್ಲ ಥೆರೆಮಿನ್ನರಿಗೆ ಅಲ್ಲಿ ಸ್ವರಗಳು ಕೇಳಿಸಿದವು.

ಅವರ ಹೆಸರಿನಿಂದಲೇ ಥೆರೆಮಿನ್ ಎನಿಸಿದ ಈ ವಾದ್ಯದ ತತ್ತ್ವ ಸರಳವಾದುದು. ಪೆಟ್ಟಿಗೆಯೊಳಗಿನ ಎರಡು ವಿದ್ಯುನ್ಮಂಡಲಗಳು ನಮ್ಮ ಕಿವಿಗೆ ಕೇಳಿಸದಷ್ಟು ವೇಗವಾಗಿ ಕಂಪಿಸುತ್ತವೆ. ಒಂದು ಸೆಕೆಂಡಿಗೆ ೧,೭೦,೪೪೦ ಬಾರಿಯೂ ಇನ್ನೊಂದು ೧,೭೦,೦೦೦ ಬಾರಿಯೂ ಕಂಪಿಸಿದರೆ, ಅವುಗಳ ಅಂತರವಾದ ೪೪೦ ಕಂಪನಗಳ ಸ್ವರ ನಮಗೆ ಕೇಳಿಸುತ್ತದೆ. ನೆಟ್ಟಗೆ ನಿಂತ ಲೋಹದ ಕಡ್ಡಿಯ ಬಳಿಗೆ ಕೈ ಬಂದಾಗ ಒಂದು ಮಂಡಲದ ಕಂಪನ ತಗ್ಗುತ್ತದೆ. ಅಂತರ ಹೆಚ್ಚಿ ಸ್ವರ ಏರುತ್ತದೆ. ಇನ್ನೊಂದು ಕೈ ಬಳೆಯಂತೆ ಬಾಗಿದ ಕಡ್ಡಿಯ ಬಳಿ ಆಡುತ್ತ ದನಿಯನ್ನು ಜೋರಾಗಿಸುತ್ತದೆ, ಇಲ್ಲವೆ ಮೆಲ್ಲಗಾಗಿಸುತ್ತದೆ.

೧೯೨೨ರಲ್ಲಿ ಥೆರೆಮಿನ್ ಲೆನಿನ್ನರ ಮುಂದೆ ಈ ವಾದ್ಯವನ್ನು ನುಡಿಸಿ ತೋರಿಸಿದರು. ೧೯೨೭ರ ಕೊನೆಯಲ್ಲಿ ಅಮೆರಿಕ ಸೇರಿ, ಮರುವರ್ಷ ಪೇಟೆಂಟ್ ಪಡೆದರು. ಕೈನೋವಿನಿಂದ ಪಿಟೀಲನ್ನು ತೊರೆಯಬೇಕಾಗಿ ಬಂದ ಕ್ಲಾರಾ ರಾಕ್‌ಮೋರ್ ಈ ವಾದ್ಯವನ್ನು ಕಲಿತು, ಅದರ ಶ್ರೇಷ್ಠ ಕಲಾವಿದೆ ಎನಿಸಿದರು.

೧೯೩೮ರಲ್ಲಿ ತಾಯ್ನಾಡಿಗೆ ಮರಳಿದ ಥೆರೆಮಿನ್ನರಿಗೆ ಸಂಕಟ ಕಾದಿತ್ತು. ಮರುವರ್ಷ ಸ್ಟಾಲಿನ್ ಆಡಳಿತವು ಅವರನ್ನು ಬಂಧಿಸಿ ಎಂಟು ವರ್ಷಗಳ ಶಿಕ್ಷೆ ವಿಧಿಸಿತು. ಹಿಮಾವೃತವಾದ ಕೊಲಿಮಾ ಪ್ರದೇಶದಲ್ಲಿ ಕಠಿಣ ದುಡಿಮೆ. ಬಳಿಕ ಸೆರೆಯಾಳು ವಿಜ್ಞಾನಿಗಳ ಪ್ರಯೋಗಾಲಯದಲ್ಲಿ ವಾಸ. ನಾದವನ್ನು ಸೃಷ್ಟಿಸಿದ ಅದೇ ವಿದ್ಯೆಯಿಂದ ಅಲ್ಲಿ ಅವರು ಪರರ ಮಾತನ್ನು ಕದ್ದಾಲಿಸುವ ಉಪಕರಣವನ್ನು ರಚಿಸಬೇಕಾಯಿತು. ಮರದ ಲಾಂಛನದೊಳಗೆ ಅಡಗಿಸಿದ ಅದನ್ನು ೧೯೪೫ರಲ್ಲಿ ಸೋವಿಯತ್ ಮಕ್ಕಳ ಕೈಯಿಂದ ಮಾಸ್ಕೋದ ಅಮೆರಿಕ ರಾಯಭಾರಿಗೆ ಕಾಣಿಕೆಯಾಗಿ ಕೊಡಿಸಲಾಯಿತು. ೧೯೫೨ರವರೆಗೆ ಆ ಗುಟ್ಟು ಬಯಲಾಗಲಿಲ್ಲ. ೧೯೪೭ರಲ್ಲಿ ಬಿಡುಗಡೆಯಾದ ಮೇಲೂ ಥೆರೆಮಿನ್ನರ ಅನೇಕ ವರ್ಷಗಳು ಇಂಥ ರಹಸ್ಯ ಕಾರ್ಯದಲ್ಲಿಯೇ ಸವೆದವು. ಅವರು ಮಡಿದರೆಂದೇ ಹೊರನಾಡಿನ ಅನೇಕರು ನಂಬಿದ್ದರು.

ಆದರೆ ಅವರ ವಾದ್ಯ ಮೌನ ತಾಳಲಿಲ್ಲ. ಅಮೆರಿಕದ ರಾಬರ್ಟ್ ಮೂಗ್ ಹುಡುಗನಾಗಿದ್ದಾಗಲೇ ಅದನ್ನು ತನ್ನ ಕೈಯಾರೆ ಜೋಡಿಸಿದನು. ಮುಂದೆ ೧೯೬೪ರಲ್ಲಿ ಸಿಂಥಸೈಸರ್ ಎಂಬ ವಿದ್ಯುನ್ಮಾನ ವಾದ್ಯವನ್ನು ನಿರ್ಮಿಸಿ ಪ್ರಸಿದ್ಧನಾದನು. ೧೯೯೧ರಲ್ಲಿ ಥೆರೆಮಿನ್ ಮತ್ತೊಮ್ಮೆ ಅಮೆರಿಕಕ್ಕೆ ಹೋಗಿ, ವೃದ್ಧೆಯಾಗಿದ್ದ ಕ್ಲಾರಾ ಅವರನ್ನು ಕಂಡರು. ೧೯೯೩ರಲ್ಲಿ, ತಮ್ಮ ೯೭ನೆಯ ವಯಸ್ಸಿನಲ್ಲಿ, ಮಾಸ್ಕೋದಲ್ಲಿ ತೀರಿಕೊಂಡರು.

ಇಂದು ಉಗುರಿನಷ್ಟು ಚಿಕ್ಕದಾದ ಮೈಕ್ರೋಕಂಟ್ರೋಲರ್, ಬೆಳಕನ್ನು ಗ್ರಹಿಸುವ ಸಂವೇದಕ, ಪುಟ್ಟ ಸ್ಪೀಕರ್ ಇವಿಷ್ಟರಿಂದ ಕೈಯ ನೆರಳಿಗೆ ಸ್ವರ ಬದಲಿಸುವ ಆಟಿಕೆಯನ್ನು ವಿದ್ಯಾರ್ಥಿಗಳೂ ರಚಿಸಬಲ್ಲರು. ವಿದ್ಯೆ ಹಾಡಿಗೂ ಒದಗುತ್ತದೆ, ಗೂಢಚರ್ಯೆಗೂ ಒದಗುತ್ತದೆ. ಅದನ್ನು ಯಾವುದಕ್ಕೆ ಬಳಸಬೇಕೆಂದು ತಾನೇ ನಿರ್ಧರಿಸುವ ಸ್ವಾತಂತ್ರ್ಯ ವಿಜ್ಞಾನಿಗೆ ಎಷ್ಟು ಅಗತ್ಯವೆಂಬುದನ್ನು ಥೆರೆಮಿನ್ನರ ಬಾಳು ತಿಳಿಸುತ್ತದೆ.