ಸಾಲ್ ಮರಾಂಟ್ಜ್: ನಾದಶುದ್ಧಿಗಾಗಿ ಕಂಪನಿಯನ್ನೇ ತೆತ್ತ ಕುಶಲಿ

ಮನೆಯಲ್ಲಿ ಉತ್ತಮ ಸಂಗೀತ ಕೇಳಬೇಕೆಂಬ ಹಂಬಲದಿಂದ ದುಬಾರಿ ಧ್ವನಿವ್ಯವಸ್ಥೆ ಕೊಳ್ಳಲು ಹೊರಟವರನ್ನು ಎರಡು ಪ್ರಶ್ನೆಗಳು ಬಹುಕಾಲ ಕಾಡುತ್ತವೆ. ಪ್ರೀ ಆಂಪ್ಲಿಫೈಯರ್ ಯಾವುದಿರಬೇಕು? ಸ್ಪೀಕರ್ ಯಾವುದಿರಬೇಕು? ಈ ಎರಡು ಪ್ರಶ್ನೆಗಳ ನಡುವೆಯೇ ತಮ್ಮ ದುಡಿಮೆಯ ಬದುಕನ್ನು ಕಳೆದವರು ಅಮೆರಿಕದ ಸಾಲ್ ಬರ್ನಾರ್ಡ್ ಮರಾಂಟ್ಜ್. ಅಂಗಡಿಯ ಗಾಜಿನ ಹಿಂದೆ ಮರಾಂಟ್ಜ್ ಎಂಬ ಹೆಸರನ್ನು ಕಂಡವರಲ್ಲಿ ಅನೇಕರು ಅದನ್ನು ಜಪಾನಿನ ಹೆಸರೆಂದೇ ಭಾವಿಸಿರುವುದುಂಟು. ಹಾಗೆ ಭಾವಿಸಲು ಕಾರಣವೂ ಇದೆ, ಅದು ಮುಂದೆ ಬರುತ್ತದೆ.

ಸಾಲ್ ಜನಿಸಿದ್ದು 1911ರ ಜುಲೈನಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ವೃತ್ತಿಯಿಂದ ಅವರು ಗ್ರಾಫಿಕ್ ವಿನ್ಯಾಸಕಾರರು, ಎಂಜಿನಿಯರ್ ಅಲ್ಲ. ಶಾಸ್ತ್ರೀಯ ಗಿಟಾರ್ ನುಡಿಸುತ್ತಿದ್ದರು. ಎಲೆಕ್ಟ್ರಾನಿಕ್ಸ್ ಅವರ ಪಾಲಿಗೆ ಬಿಡುವಿನ ವೇಳೆಯ ಹುಚ್ಚು. ಎರಡನೆಯ ಮಹಾಯುದ್ಧದಲ್ಲಿ ಸೇನೆಯಲ್ಲಿದ್ದು ಮರಳಿದ ಮೇಲೆ ನ್ಯೂಯಾರ್ಕಿನ ಕ್ಯೂ ಗಾರ್ಡನ್ಸ್ ಎಂಬಲ್ಲಿ ಪತ್ನಿ ಜೀನ್ ಅವರೊಡನೆ ಮನೆ ಹೂಡಿದರು.

ಈ ಹುಚ್ಚಿಗೆ ಮೊದಲ ನೆಪವಾದದ್ದು ಒಂದು ಕಾರಿನ ರೇಡಿಯೋ. ಅವರ ಬಳಿ 1940ರ ಮಾದರಿಯ ಮರ್ಕ್ಯುರಿ ಕಾರಿತ್ತು. ಅದರ ರೇಡಿಯೋವನ್ನು ಕಾರಿಗಿಂತ ಮನೆಯೊಳಗೆ ಕೇಳುವುದೇ ಲೇಸೆಂದು ಅವರಿಗೆ ತೋರಿತು. ಬಿಚ್ಚಿ ಒಳಗೆ ತಂದರು. ಕಾರಿನ ಬ್ಯಾಟರಿಯಿಂದ ನಡೆಯುವ ಯಂತ್ರವನ್ನು ಮನೆಯ ವಿದ್ಯುತ್ತಿಗೆ ಹೊಂದಿಸಬೇಕಾಯಿತು. ಹೀಗೆ ಒಂದರಿಂದ ಇನ್ನೊಂದು ಹುಟ್ಟುತ್ತ ಹೋಗಿ, ಮನೆಯ ನೆಲಮಾಳಿಗೆಯೇ ಕಾರ್ಯಾಗಾರವಾಯಿತು.

ಅಷ್ಟರಲ್ಲಿ ಧ್ವನಿಮುದ್ರಿಕೆಗಳ ಲೋಕದಲ್ಲೊಂದು ಗೊಂದಲ ಎದ್ದಿತ್ತು. 1948ರಲ್ಲಿ ಕೊಲಂಬಿಯಾ ಸಂಸ್ಥೆ ದೀರ್ಘಕಾಲ ನುಡಿಯುವ ಎಲ್‌ಪಿ ತಟ್ಟೆಯನ್ನು ಹೊರತಂದಿತು. ಮರುವರ್ಷ ಆರ್‌ಸಿಎ 45 ಸುತ್ತಿನ ತಟ್ಟೆಯನ್ನು ತಂದಿತು. ತಟ್ಟೆಯ ಮೇಲೆ ನಾದವನ್ನು ಕೊರೆಯುವಾಗ ಅದನ್ನು ಇದ್ದಂತೆಯೇ ಕೊರೆಯಲಾಗದು. ಮಂದ್ರ ಸ್ವರಗಳು ಗೀರನ್ನು ಅಗಲವಾಗಿ ತೂಗಾಡಿಸುತ್ತವೆ. ಹಾಗೇ ಬಿಟ್ಟರೆ ಒಂದು ಗೀರು ಪಕ್ಕದ ಗೀರಿನೊಳಗೆ ನುಗ್ಗುತ್ತದೆ. ಆದ್ದರಿಂದ ಮಂದ್ರವನ್ನು ತಗ್ಗಿಸಿ ಕೊರೆಯುತ್ತಾರೆ. ತಾರಸ್ವರಗಳಾದರೋ ತಟ್ಟೆಯ ಸರಸರ ಸದ್ದಿನಲ್ಲಿ ಮುಳುಗಿಹೋಗುತ್ತವೆ. ಅವನ್ನು ಏರಿಸಿ ಕೊರೆಯುತ್ತಾರೆ. ನುಡಿಸುವಾಗ ಇದನ್ನೆಲ್ಲ ತಲೆಕೆಳಗು ಮಾಡಬೇಕು. ತಗ್ಗಿಸಿದ್ದನ್ನು ಏರಿಸಬೇಕು, ಏರಿಸಿದ್ದನ್ನು ತಗ್ಗಿಸಬೇಕು.

ಈ ಕೆಲಸ ಪ್ರೀ ಆಂಪ್ಲಿಫೈಯರಿನದು. ತಟ್ಟೆಯ ಮುಳ್ಳಿನಿಂದ ಬರುವ ಕೆಲವೇ ಸಹಸ್ರಾಂಶ ವೋಲ್ಟಿನ ಕ್ಷೀಣ ಸಂಕೇತವನ್ನು ಹಿಗ್ಗಿಸಿ, ಅದರ ಮಂದ್ರ ತಾರಗಳ ತೂಕವನ್ನು ಸರಿಪಡಿಸಿ, ಸ್ಪೀಕರನ್ನು ದುಡಿಸುವ ಪವರ್ ಆಂಪ್ಲಿಫೈಯರಿಗೆ ಒಪ್ಪಿಸುವುದು ಅದರ ಕರ್ತವ್ಯ. ಇಲ್ಲಿ ಸೇರಿಕೊಂಡ ಕಶ್ಮಲ ಮುಂದಿನ ಹಂತಗಳಲ್ಲಿ ಹಿಗ್ಗುತ್ತ ಹೋಗುವುದೇ ಹೊರತು ಅಳಿಯುವುದಿಲ್ಲ.

ತೊಂದರೆಯೆಂದರೆ, ಎಷ್ಟು ತಗ್ಗಿಸಬೇಕು, ಎಷ್ಟು ಏರಿಸಬೇಕೆಂಬ ವಿಷಯದಲ್ಲಿ ಅಂದು ಕಂಪನಿಗೊಂದು ನೀತಿ. ಒಂದರ ಲೆಕ್ಕಕ್ಕೆ ಹೊಂದಿಸಿದ ಯಂತ್ರದಲ್ಲಿ ಮತ್ತೊಂದರ ತಟ್ಟೆ ಹಾಕಿದರೆ ಪಿಟೀಲು ಕಿರುಚುತ್ತಿತ್ತು, ಇಲ್ಲವೇ ಕಂಬಳಿ ಹೊದ್ದಂತೆ ಮಂಕಾಗುತ್ತಿತ್ತು. ಸಾಲ್ ಈ ಗೊಂದಲಕ್ಕೆ ತಮ್ಮದೇ ಪರಿಹಾರ ಕಟ್ಟಿದರು. 1950ರ ದಶಕದ ಆರಂಭದಲ್ಲಿ ಸಿದ್ಧವಾದ ಆ ಪೆಟ್ಟಿಗೆಗೆ ಆಡಿಯೋ ಕನ್ಸೋಲೆಟ್ ಎಂದು ಹೆಸರಿಟ್ಟರು. ತಿರುಗುಗುಂಡಿಗಳನ್ನು ಹೊಂದಿಸಿ 36 ಬಗೆಯ ತಿದ್ದುಪಡಿಗಳನ್ನು ಅದರಲ್ಲಿ ಪಡೆಯಬಹುದಿತ್ತು. ಯಾವ ಕಂಪನಿಯ ತಟ್ಟೆಯಾದರೂ ಸರಿ, ಅದಕ್ಕೆ ತಕ್ಕ ತೂಕ ಸಿಗುತ್ತಿತ್ತು.

ಇದನ್ನು ಅವರು ಕಟ್ಟಿದ್ದು ತಮಗಾಗಿ. ಕೇಳಿದ ಮಿತ್ರರು ತಮಗೂ ಬೇಕೆಂದರು. ಪತ್ನಿಯೂ ಒತ್ತಾಸೆಯಾಗಿ ನಿಂತರು. ನೂರು ಪೆಟ್ಟಿಗೆ ಕಟ್ಟಿ ಮಾರಿ ನೋಡೋಣವೆಂದು ತೊಡಗಿದರೆ, ವರ್ಷದೊಳಗೆ ಬಂದ ಬೇಡಿಕೆ ಸುಮಾರು 400. 1953ರಲ್ಲಿ ಮರಾಂಟ್ಜ್ ಕಂಪನಿ ಆರಂಭವಾಯಿತು. 1954ರಲ್ಲಿ ಅಮೆರಿಕದ ಧ್ವನಿಮುದ್ರಣ ಕಂಪನಿಗಳ ಸಂಘವಾದ ಆರ್‌ಐಎಎ ಎಲ್ಲರಿಗೂ ಒಂದೇ ತಿದ್ದುಪಡಿಯ ಲೆಕ್ಕವನ್ನು ನಿಗದಿ ಮಾಡಿತು. ಹೊಸ ತಟ್ಟೆಗಳ ಮಟ್ಟಿಗೆ 36 ಬಗೆಗಳ ಅಗತ್ಯ ಕ್ರಮೇಣ ಇಲ್ಲವಾಯಿತು. ಆದರೆ ಜನರ ಕಪಾಟುಗಳ ತುಂಬ ಹಳೆಯ ತಟ್ಟೆಗಳೇ ಇದ್ದುದರಿಂದ ಪೆಟ್ಟಿಗೆಯ ಬೆಲೆ ತಗ್ಗಲಿಲ್ಲ. ಇಂದಿಗೂ ಹಳೆಯ ತಟ್ಟೆಗಳ ಸಂಗ್ರಾಹಕರು ಪ್ರೀ ಆಂಪ್ಲಿಫೈಯರ್ ಕೊಳ್ಳುವಾಗ ಈ ಸೌಕರ್ಯ ಉಂಟೇ ಎಂದು ವಿಚಾರಿಸುತ್ತಾರೆ.

ಕಂಪನಿಯ ಎರಡನೆಯ ಆಧಾರಸ್ತಂಭ ಎಂಜಿನಿಯರ್ ಸಿಡ್ನಿ ಸ್ಮಿತ್. ಸಾಲ್ ಅವರದು ಕಿವಿ ಮತ್ತು ರೂಪದ ಕಲ್ಪನೆ, ಸ್ಮಿತ್ ಅವರದು ಸರ್ಕೀಟು. 1956ರ ಮಾಡೆಲ್ 2 ಈ ಜೋಡಿಯ ಫಲ. ಅದು 40 ವಾಟಿನ ವಾಲ್ವ್ ಪವರ್ ಆಂಪ್ಲಿಫೈಯರ್. ಒಂದು ಸ್ವಿಚ್ ಒತ್ತಿದರೆ ವಾಲ್ವುಗಳು ಟ್ರಯೋಡ್ ರೀತಿಯಲ್ಲಿ ದುಡಿದು 20 ವಾಟ್ ಕೊಡುತ್ತಿದ್ದವು. ಅಂದಿನ ಮನೆಗೆ 40 ವಾಟ್ ಏಕೆ ಬೇಕಾಯಿತೆಂದು ಓದುಗರು ಕೇಳಬಹುದು. ಉತ್ತರ ಸ್ಪೀಕರಿನಲ್ಲಿದೆ. ಪಾಲ್ ಕ್ಲಿಪ್ಶ್ ಅವರ ಕೊಂಬಿನ ಸ್ಪೀಕರುಗಳು ಕೋಣೆಯ ಮೂಲೆಯನ್ನೇ ಬಳಸಿಕೊಂಡು ಕೆಲವೇ ವಾಟಿನಲ್ಲಿ ಮನೆ ತುಂಬ ಮೊಳಗುತ್ತಿದ್ದವು; ಆದರೆ ಅವು ಬೀರುವಿನಷ್ಟು ದೊಡ್ಡವು. 1954ರಲ್ಲಿ ಎಡ್ಗರ್ ವಿಲ್ಚರ್ ತಂದ ಎಆರ್-1, ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿ ಕಪಾಟಿನ ಮೇಲಿಡುವ ಗಾತ್ರದಲ್ಲಿ ಆಳವಾದ ಮಂದ್ರವನ್ನು ಹೊರಡಿಸಿತು. ಪ್ರತಿಯಾಗಿ ಅದು ಕೇಳಿದ್ದು ಹೆಚ್ಚು ವಿದ್ಯುತ್ತನ್ನು. ಸ್ಪೀಕರ್ ಚಿಕ್ಕದಾದಂತೆ ಆಂಪ್ಲಿಫೈಯರ್ ದೊಡ್ಡದಾಯಿತು. ಆದ್ದರಿಂದಲೇ ಮೊದಲು ಕೋಣೆಗೆ ಒಪ್ಪುವ ಸ್ಪೀಕರ್ ಆರಿಸಿ, ಅನಂತರ ಅದು ಬೇಡುವಷ್ಟು ಶಕ್ತಿಯನ್ನು ಹುಡುಕುವುದು ಸರಿಯೆಂದು ನನ್ನ ಅನಿಸಿಕೆ. ನಮ್ಮಲ್ಲಿ ಬಹುಪಾಲು ಜನ ಮಾಡುವುದು ಇದರ ತಿರುವುಮುರುವು.

1958ರ ವೇಳೆಗೆ ಸ್ಟೀರಿಯೋ ತಟ್ಟೆಗಳು ಮಾರುಕಟ್ಟೆಗೆ ಬಂದವು. ಎರಡು ಕನ್ಸೋಲೆಟ್‌ಗಳನ್ನು ಜೋಡಿಸಿ ಸ್ಟೀರಿಯೋ ಮಾಡುವ ಉಪಾಯ ಮೊದಲು ಇತ್ತಾದರೂ ಅದು ಕೈಗಾವಲಿನ ಕೆಲಸ. ಅದೇ ವರ್ಷ ಹೊರಬಂದ ಮಾಡೆಲ್ 7, ಎರಡೂ ಚಾನೆಲ್ಲುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಅಡಗಿಸಿದ ಪ್ರೀ ಆಂಪ್ಲಿಫೈಯರ್. ಒಳಗೆ ಆರು ಪುಟ್ಟ ವಾಲ್ವುಗಳು. ಹೊರಗೆ ನಸುಹೊನ್ನಿನ ಬಣ್ಣದ ಫಲಕ, ಅಳೆದಿಟ್ಟಂತಹ ಗುಂಡಿಗಳು, ಸಾಲಾಗಿ ಪುಟ್ಟ ಸ್ವಿಚ್ಚುಗಳು. ಇಲ್ಲಿ ಸಾಲ್ ಅವರೊಳಗಿನ ವಿನ್ಯಾಸಕಾರ ಎದ್ದು ಕಾಣುತ್ತಾನೆ. ಧ್ವನಿಯಂತ್ರಗಳ ಇತಿಹಾಸದಲ್ಲಿ ಇಷ್ಟು ಅನುಕರಣೆಗೆ ಒಳಗಾದ ಪ್ರೀ ಆಂಪ್ಲಿಫೈಯರ್ ಇನ್ನೊಂದು ಸಿಗುವುದು ಕಷ್ಟ. ಅದರ ಸರ್ಕೀಟನ್ನು ನೋಡಿಕೊಂಡು ಮನೆಯಲ್ಲೇ ಬೆಸುಗೆ ಹಾಕುವ ಹವ್ಯಾಸಿಗಳು ಈಗಲೂ ಇದ್ದಾರೆ. ಮಾಡೆಲ್ 8ಬಿ, 1960ರ ಮಾಡೆಲ್ 9, ತೋಳು ನೇರವಾಗಿ ಸಾಗುವ ಎಸ್‌ಎಲ್‌ಟಿ-12 ಎಂಬ ಟರ್ನ್‌ಟೇಬಲ್ ಒಂದರ ಹಿಂದೊಂದು ಬಂದವು.

ಅನಂತರದ್ದು ವಿಷಾದದ ಅಧ್ಯಾಯ. 1961ರಲ್ಲಿ ಅಮೆರಿಕದಲ್ಲಿ ಸ್ಟೀರಿಯೋ ಎಫ್‌ಎಂ ಪ್ರಸಾರಕ್ಕೆ ಒಪ್ಪಿಗೆ ದೊರೆಯಿತು. ಅದನ್ನು ಹಿಡಿಯಲು ಎಂದೂ ಇಲ್ಲದಂತಹ ಟ್ಯೂನರ್ ಒಂದನ್ನು ತಯಾರಿಸಬೇಕೆಂದು ಸಾಲ್ ಸಂಕಲ್ಪಿಸಿದರು. ಎಂಜಿನಿಯರ್ ರಿಚರ್ಡ್ ಸಿಕ್ವೆರಾ ಅದರ ಹೊಣೆ ಹೊತ್ತರು. ಅದರ ಮುಖದಲ್ಲೇ ಒಂದು ಪುಟ್ಟ ಆಸಿಲೋಸ್ಕೋಪ್ ಇತ್ತು. ನಿಲಯ ಸರಿಯಾಗಿ ಸಿಕ್ಕಿದೆಯೇ, ಅಲೆಗಳು ಅಡ್ಡಹಾಯುತ್ತಿವೆಯೇ ಎಂಬುದನ್ನು ಹಸಿರು ಗೆರೆಗಳಲ್ಲಿ ಕಾಣಬಹುದಿತ್ತು. ಬೆಲೆ ಸುಮಾರು 600 ಡಾಲರ್. ಮಾಡೆಲ್ 10ಬಿ ಎಂಬ ಆ ಟ್ಯೂನರನ್ನು ಬಲ್ಲವರು ಇಂದಿಗೂ ಕೊಂಡಾಡುತ್ತಾರೆ. ಆದರೆ ಅದನ್ನು ಪರಿಪೂರ್ಣಗೊಳಿಸಲು ಸುರಿದ ಹಣಕ್ಕೆ ಲೆಕ್ಕ ಹೊಂದಲಿಲ್ಲ. ಕಂಪನಿ ಸಾಲದಲ್ಲಿ ಸಿಕ್ಕಿಕೊಂಡಿತು. 1964ರಲ್ಲಿ ಸಾಲ್ ಅದನ್ನು ಕ್ಯಾಲಿಫೋರ್ನಿಯಾದ ಸೂಪರ್‌ಸ್ಕೋಪ್ ಸಂಸ್ಥೆಗೆ ಮಾರಿದರು. ಅಮೆರಿಕಕ್ಕೆ ಸೋನಿ ಟೇಪ್ ರೆಕಾರ್ಡರುಗಳನ್ನು ತರಿಸುತ್ತಿದ್ದ ಸಂಸ್ಥೆ ಅದು. ನಾಲ್ಕು ವರ್ಷ ಅಧ್ಯಕ್ಷರಾಗಿ ಉಳಿದು, 1968ರಲ್ಲಿ ಹೊರಬಂದರು.

ಆ ಟ್ಯೂನರನ್ನು ಅಷ್ಟಕ್ಕೇ ಬಿಟ್ಟು, ಅಗ್ಗದ ಮಾದರಿಯೊಂದನ್ನು ಮಾರುಕಟ್ಟೆಗೆ ಬಿಟ್ಟಿದ್ದರೆ ಕಂಪನಿ ಉಳಿಯುತ್ತಿತ್ತೇನೋ. ಅಂತಹ ಲೆಕ್ಕಾಚಾರ ಬಲ್ಲ ಮನುಷ್ಯ ಪ್ರಾಯಶಃ ಮಾಡೆಲ್ 7ನ್ನೂ ಹಾಗೆ ಕಟ್ಟುತ್ತಿರಲಿಲ್ಲ. ಅದೇನೇ ಇರಲಿ, ಹೆಸರು ಕಂಪನಿಯೊಡನೆ ಹೋಯಿತು. ಸೂಪರ್‌ಸ್ಕೋಪ್ ತಯಾರಿಕೆಯನ್ನು ಕ್ರಮೇಣ ಜಪಾನಿಗೆ ಸಾಗಿಸಿತು. ಮುಂದೆ ಅದು ಫಿಲಿಪ್ಸ್ ಪಾಲಾಗಿ, 2002ರಲ್ಲಿ ಡೆನಾನ್ ಜೊತೆ ಒಂದೇ ಸಂಸ್ಥೆಯ ಅಡಿ ಸೇರಿತು.

ಬರಿಗೈಯಾದ ಸಾಲ್ ಸುಮ್ಮನೆ ಕೂರಲಿಲ್ಲ. ಇದುವರೆಗೆ ಸಂಕೇತದ ಮೊದಲ ತುದಿಯನ್ನು ತಿದ್ದಿದ್ದವರು ಈಗ ಕೊನೆಯ ತುದಿಗೆ ಬಂದರು. ವಿಮಾನ ಮತ್ತು ಬಾಹ್ಯಾಕಾಶ ರಂಗದಲ್ಲಿ ದುಡಿದಿದ್ದ ಜಾನ್ ಡಾಲ್‌ಕ್ವಿಸ್ಟ್ ಎಂಬ ಎಂಜಿನಿಯರ್ ರೂಪಿಸಿದ್ದ ಹೊಸ ಸ್ಪೀಕರ್ ಅವರ ಮನಸ್ಸನ್ನು ಸೆಳೆಯಿತು. 1970ರ ದಶಕದ ಆದಿಯಲ್ಲಿ ಇಬ್ಬರೂ ಸೇರಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಕಂಪನಿ ಕಟ್ಟಿದರು. ಅವರ ಡಿಕ್ಯೂ-10 ಸ್ಪೀಕರಿನೊಳಗೆ ಐದು ಧ್ವನಿಘಟಕಗಳು. ಮಂದ್ರದ ಘಟಕ ಮಾತ್ರ ಮುಚ್ಚಿದ ಪೆಟ್ಟಿಗೆಯಲ್ಲಿ. ಉಳಿದವು ಬಿಡಿಬಿಡಿ ಹಲಗೆಗಳ ಮೇಲೆ, ಹಿಂದೆ ಮುಂದೆ ಸರಿಸಿ ಕೂರಿಸಿದಂತಹವು. ಎಲ್ಲ ಸ್ವರಗಳೂ ಕಿವಿಗೆ ಒಮ್ಮೆಲೇ ತಲಪಬೇಕು, ಅಗಲ ಹಲಗೆಯ ಅಂಚಿಗೆ ತಾಗಿ ನಾದ ಚದುರಬಾರದು ಎಂಬುದು ಉದ್ದೇಶ. ಹೊರನೋಟಕ್ಕೆ ಬ್ರಿಟನ್ನಿನ ಕ್ವಾಡ್ ಸ್ಥಿರವಿದ್ಯುತ್ ಸ್ಪೀಕರನ್ನೇ ಹೋಲುತ್ತಿತ್ತು. ಆದರೆ ಅದು ಶಕ್ತಿಯನ್ನು ಧಾರಾಳವಾಗಿ ಬೇಡುವ ಸ್ಪೀಕರ್. ಮರಾಂಟ್ಜ್ ಅವರ ಹಳೆಯ 40 ವಾಟಿನ ಯಂತ್ರಕ್ಕೆ ಮರಾಂಟ್ಜ್ ಅವರೇ ಹೊರತಂದ ಸ್ಪೀಕರನ್ನು ಜೋಡಿಸಿದರೆ ದೊಡ್ಡ ಕೋಣೆಯಲ್ಲಿ ಉಸಿರು ಸಾಲದೆನಿಸಬಹುದು!

ಆ ಸ್ಪೀಕರಿನ ಮೇಲೆ ಇದ್ದುದು ಡಾಲ್‌ಕ್ವಿಸ್ಟ್ ಅವರ ಹೆಸರು. ಸಾಲ್ ತಮ್ಮ ಹೆಸರನ್ನು ಎಂದೋ ಮಾರಿಬಿಟ್ಟಿದ್ದರು. 1970ರ ದಶಕದ ಕೊನೆಗೆ ಅವರು ಆ ಕಂಪನಿಯನ್ನೂ ಬಿಟ್ಟರು.

1990ರ ದಶಕದ ನಡುವೆ ಮರಾಂಟ್ಜ್ ಸಂಸ್ಥೆ ಮಾಡೆಲ್ 7, 8ಬಿ ಮತ್ತು 9ರ ಪ್ರತಿಕೃತಿಗಳನ್ನು ಹೊಸದಾಗಿ ತಯಾರಿಸಿ ಮಾರಾಟಕ್ಕಿಟ್ಟಿತು. ಮೂಲ ಯಂತ್ರಗಳ ನಿರ್ಮಾತೃ ಆಗಿನ್ನೂ ಬದುಕಿದ್ದರು. 1997ರ ಜನವರಿಯಲ್ಲಿ, 85ನೆಯ ವಯಸ್ಸಿನಲ್ಲಿ, ಸಾಲ್ ಮರಾಂಟ್ಜ್ ನಿಧನರಾದರು.