ರಾಣಿಯ ಬೊಕ್ಕಸ, ಕಲೆಕ್ಟರನ ಮೊಹರು

ಮಕ್ಕಳೇ, ಬೈಲಹೊಂಗಲದಲ್ಲಿರುವ ಕಿತ್ತೂರು ರಾಣಿ ಚೆನ್ನಮ್ಮನ ಸಮಾಧಿಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅವಳು ಬ್ರಿಟಿಷರ ವಿರುದ್ಧ ಹೋರಾಡಿದ ಕಥೆಯೂ ನಿಮಗೆ ಗೊತ್ತು. ಆ ಕಥೆಯಲ್ಲಿ ಒಂದು ಮೊಹರು ಬರುತ್ತದೆ, ಗೊತ್ತೇ?

ಚೆನ್ನಮ್ಮ ಹುಟ್ಟಿದ್ದು 1778ರಲ್ಲಿ, ಬೆಳಗಾವಿ ಸಮೀಪದ ಕಾಕತಿಯಲ್ಲಿ. ಕಿತ್ತೂರಿನ ಮಲ್ಲಸರ್ಜ ದೇಸಾಯಿಯನ್ನು ಮದುವೆಯಾದಳು. 1816ರಲ್ಲಿ ಅವನು ತೀರಿಕೊಂಡ. 1824ರಲ್ಲಿ ಅವನ ಮಗ ಶಿವಲಿಂಗರುದ್ರಸರ್ಜನೂ ಮಕ್ಕಳಿಲ್ಲದೆ ತೀರಿಕೊಂಡ. ಶಿವಲಿಂಗಪ್ಪ ಎಂಬ ಬಾಲಕನನ್ನು ದತ್ತು ತೆಗೆದುಕೊಂಡದ್ದನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಕಿತ್ತೂರಿನ ಬೊಕ್ಕಸಕ್ಕೆ ತನ್ನ ಮೊಹರು ಹಾಕಿಸಿ ಕಾವಲು ನಿಲ್ಲಿಸಿದ. ಹಣ ರಾಣಿಯದು, ಮುದ್ರೆ ಪರರದು!

ಮೊಹರಿನ ಗುಣವೇ ಬೇರೆ. ಕರಗಿಸಿದ ಅರಗಿನ ಮೇಲೆ ಒತ್ತಿದ ಮುದ್ರೆಯನ್ನು ಮುರಿಯುವುದು ಸುಲಭ, ಮುರಿದದ್ದನ್ನು ಮುಚ್ಚಿಡುವುದು ಕಷ್ಟ. ನಮ್ಮ ಕಾಲದ ಪಾಸ್‌ವರ್ಡ್ ಇದಕ್ಕೆ ತಿರುವುಮುರುವು. ಅದನ್ನು ಊಹಿಸುವುದು ಕಷ್ಟ. ಆದರೆ ಕಳ್ಳ ಒಳಹೊಕ್ಕು ಬಂದರೂ ಎಷ್ಟೋ ಸಲ ನಮಗೆ ತಿಳಿಯುವುದೇ ಇಲ್ಲ. ನಾಲ್ಕು ಅಂಕಿಗಳ ಗುಪ್ತಸಂಖ್ಯೆಗೆ 10,000 ಸಾಧ್ಯತೆಗಳಿವೆ. ಹುಟ್ಟಿದ ದಿನ, ತಿಂಗಳು ಸೇರಿಸಿ ಇಟ್ಟರೆ ಉಳಿಯುವುದು 366 ಮಾತ್ರ! ಕಿತ್ತೂರಿನವರು 1824 ಎಂದು ಇಟ್ಟರಂತೂ ಊಹಿಸುವುದಕ್ಕೆ ಎರಡನೇ ಪ್ರಯತ್ನವೇ ಬೇಡ. ಸಣ್ಣ ಇಂಗ್ಲಿಷ್ ಅಕ್ಷರಗಳನ್ನೇ ಮನಬಂದಂತೆ ಎಂಟು ಜೋಡಿಸಿದರೂ ಸಾಧ್ಯತೆಗಳು 20 ಸಾವಿರ ಕೋಟಿ ದಾಟುತ್ತವೆ.

ರಾಣಿ ಮಣಿಯಲಿಲ್ಲ. 1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆದು ಕಿತ್ತೂರಿನ ಸೈನಿಕರು ಮುನ್ನುಗ್ಗಿದರು. ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯ ಬಂತು, ಕೋಟೆ ಬಿತ್ತು. ಒಳಗಿನವರೇ ತೋಪಿನ ಮದ್ದಿಗೆ ಸಗಣಿ ಬೆರೆಸಿದ್ದರು ಎಂದು ನಮ್ಮ ಭಾಗದ ಜನ ಇಂದಿಗೂ ಹೇಳುತ್ತಾರೆ. ತೇವವಾದ ಮದ್ದು ಹೊತ್ತುವುದಿಲ್ಲ. ಗೋಡೆ ಎಷ್ಟು ಎತ್ತರವಿದ್ದರೇನು, ಮದ್ದಿನ ಮನೆಯ ದಾರಿ ಬಲ್ಲವರು ಒಳಗೇ ಇದ್ದರೆ?

ಪಾಸ್‌ವರ್ಡ್ ಕಳ್ಳರಿಗೂ ಇದು ಗೊತ್ತು. ಸಾವಿರಾರು ಸಲ ಊಹಿಸುವುದಕ್ಕಿಂತ ನಯವಾಗಿ ಕೇಳಿ ಪಡೆಯುವುದು ಅವರಿಗೆ ಸುಲಭ. ಬ್ಯಾಂಕಿನವರೆಂದು ಹೇಳಿಕೊಂಡು ಫೋನ್ ಮಾಡಿ ಓಟಿಪಿ ಕೇಳುವುದು ಇದಕ್ಕಾಗಿಯೇ. ನಿಮ್ಮ ಅವ್ವನಿಗೋ ಅಪ್ಪನಿಗೋ ಅಂಥ ಕರೆ ಬಂದರೆ ಸಂಖ್ಯೆ ಹೇಳದಂತೆ ತಡೆಯಿರಿ. ಒಂದೇ ಪಾಸ್‌ವರ್ಡನ್ನು ಎಲ್ಲ ಕಡೆಗೂ ಇಟ್ಟಿದ್ದರೆ ಬೇರೆ ಬೇರೆ ಮಾಡಿಸಿ. ಒಂದು ಸೋರಿಹೋದರೂ ಉಳಿದವು ಉಳಿಯುತ್ತವೆ.

ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. 1829ರಲ್ಲಿ ಅವಳು ಅಲ್ಲಿಯೇ ತೀರಿಕೊಂಡಳು. ಶಿವಲಿಂಗಪ್ಪನನ್ನು ಗಾದಿಗೆ ಕೂರಿಸಲು ಸಂಗೊಳ್ಳಿ ರಾಯಣ್ಣ ಹೋರಾಟ ಮುಂದುವರಿಸಿದ. 1830ರಲ್ಲಿ ಅವನನ್ನೂ ಮೋಸದಿಂದ ಹಿಡಿದರು. ಮರುವರ್ಷ ನಂದಗಡದಲ್ಲಿ ಗಲ್ಲಿಗೇರಿಸಿದರು.